ಎರಡು ಸ್ಪೀಕರುಗಳ ನಡುವೆ

ಅಕ್ಕ ಗಿಟಾರಿನ ತಂತಿ ಮೀಟಿದ ಕೂಡಲೇ ವಾದ್ಯಗಳ ಅಂಗಡಿಯ ಬಾಗಿಲಲ್ಲಿ ಗೊಣಗುತ್ತಿದ್ದ ತಮ್ಮನ ಬಾಯಿ ಕಟ್ಟಿತು. ಅಷ್ಟು ಹೊತ್ತೂ ಅವನದು ಒಂದೇ ರಾಗ: "ಒಂದೇ ಸ್ಪೀಕರಿನ ಆ ಹಗುರದ ಆಂಪ್ಲಿಫೈಯರೇ ಸಾಕು ಅಕ್ಕ. ಈ ವಾಲ್ವ್ ಆಂಪ್ ಇಪ್ಪತ್ತು ಕೆಜಿ ಇದೆ. ನುಡಿಸೋದು ನೀನು, ಊರೂರಿಗೆ ಹೊರೋದು ನಾನು. ನನ್ನ ಸೊಂಟ ಬಿದ್ದುಹೋಗುತ್ತೆ, ಅಷ್ಟೇ."

ಆ ಆಂಪಿಗೆ ಜೋಡಿಸಿದ ಎರಡು ಸ್ಪೀಕರುಗಳು ಅಂಗಡಿಯ ಎರಡು ಮೂಲೆಗಳಲ್ಲಿದ್ದವು. ಆದರೆ ನಾದ ಅವುಗಳಿಂದ ಬರುತ್ತಿರುವಂತೆಯೇ ಇರಲಿಲ್ಲ. ನಡುವೆ, ಏನೂ ಇಲ್ಲದ ಕಡೆ, ಆಳೆತ್ತರಕ್ಕೆ ಎದ್ದು ನಿಂತಿತ್ತು. ತಮ್ಮ ಮೆಲ್ಲಗೆ ಅದರ ಎದುರಿಗೆ ಬಂದ. ಕತ್ತಲಲ್ಲಿ ಗೋಡೆ ತಡವುವವನಂತೆ ಬರಿಗಾಳಿಗೆ ಕೈ ಚಾಚಿದ.

"ಇಲ್ಲಿ ಯಾರಿದ್ದಾರೆ?" ಎಂದ, ಪಿಸುದನಿಯಲ್ಲಿ.

ಕೊನೆಯ ಸ್ವರ ಅಡಗಿದ ಮೇಲೂ ಅವನ ಕೈ ಹಾಗೇ ಇತ್ತು. ಆಮೇಲೆ ಬಗ್ಗಿ, ಬಲ್ಬಿನಂಥ ಗಾಜಿನ ವಾಲ್ವುಗಳು ಕೆಂಪಗೆ ಹೊಳೆಯುತ್ತಿದ್ದ ಆ ಭಾರದ ಪೆಟ್ಟಿಗೆಯನ್ನೇ ಎತ್ತಲು ಹೋದ.

"ಅಯ್ಯೋ, ಮುಟ್ಟಬೇಡಿ, ಸುಡುತ್ತೆ!" ಅಂಗಡಿಯವರು ಓಡಿಬಂದರು. "ಆಫ್ ಮಾಡಿ ಅರ್ಧ ಗಂಟೆ ಆರೋಕೆ ಬಿಡ್ತೀನಿ. ಆಮೇಲೆ ತಗೊಂಡು ಹೋಗಿ."

ತಮ್ಮ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟ.

"ಆಫ್ ಮಾಡ್ಬೇಡಿ. ಅಕ್ಕಾ, ಇನ್ನೊಂದ್ಸಲ ನುಡಿಸು."