ನಿಂತ ಕೈ

ಕ್ಷೌರದ ಕತ್ತಿ ಗುರಲಿಂಗಪ್ಪಗೌಡನ ಗಂಟಲಿನ ಮೇಲೆ ಬಂದು ನಿಂತುಬಿಟ್ಟಿತು. ಮಾನಪ್ಪ ಮನಸ್ಸಿನಲ್ಲೇ ಕೈಗೆ ಏಳು ಎಂದ. ಕೈ ಏಳಲಿಲ್ಲ.

ಬಾಗೇವಾಡಿಯ ಡಾಕ್ಟರು ಹೇಳಿಯೇ ಇದ್ದರು: “ಕೈಕಾಲಿಗೆ ಹುಕುಂ ಕೊಡೋ ಜೀವಕೋಶ ಮೆದುಳೊಳಗ ಇರ್ತಾವ. ವಯಸ್ಸಾದಂಗ ಎಲ್ಲಾರವೂ ಒಂದೊಂದಾಗಿ ಸಾಯ್ತಾವ. ನಿಮಗ ಪಾರ್ಕಿನ್ಸನ್ ಐತಿ, ನಿಮ್ಮವು ಜಲ್ದಿ ಸಾಯಾಕತ್ತಾವ. ವಯಸ್ಸು ಏರಿದಂಗ ಜಡ್ಡೂ ಏರ್ತೈತಿ. ಗುಳಿಗಿ ತಪ್ಪಸಬ್ಯಾಡ್ರಿ.”

ನಸುಕಿನಲ್ಲಿ ನುಂಗಿದ ಗುಳಿಗೆಯ ಕಸುವು ಗೌಡನ ಅಂಗಳದಲ್ಲಿ ಕಾದು ಕಾದೇ ತೀರಿಹೋಗಿತ್ತು. ಗೌಡ ಎದ್ದು, ಚಹಾ ಕುಡಿದು, ಪೇಪರ್ ಓದಿ ಮುಗಿಸುವವರೆಗೆ ಮಾನಪ್ಪ ಬಿಸಿಲಲ್ಲಿ ಕುಕ್ಕರುಗಾಲಲ್ಲಿ ಕೂತಿರಬೇಕು. ಐವತ್ತು ವರ್ಷದ ವಾಡಿಕೆ ಅದು. ಊರೆಲ್ಲ ಕ್ಷೌರದಂಗಡಿಯ ಕುರ್ಚಿ ಏರಿದರೂ ಈ ಮನೆಗೆ ಅವನೇ ನಡೆದು ಬರಬೇಕು.

“ಯಾಕೋ ಮಾನ್ಯಾ, ನಿದ್ದಿ ಹತ್ತಿತೇನು? ನನ್ನ ವಾರಗಿಯವ ನೀನು. ನನ್ನ ಕೈ ನೋಡು, ಇನ್ನೂ ಕಬ್ಬಿಣದಂಗ ಗಟ್ಟಿ ಐತಿ” ಎಂದು ನಗುತ್ತ ಗೌಡ ಅವನ ಮಣಿಕಟ್ಟನ್ನು ಸರಿಸಲು ಹೋದ. ಅದು ಮರದ ಕೊರಡಿನಂತೆ ಬಿಗಿದಿತ್ತು. ಅಲಗು ಕಚ್ಚಿ ಒಂದು ಹನಿ ರಕ್ತ ಮೂಡಿತು. ನಗು ನಿಂತಿತು.

ಗೌಡ ಮೇಲೆ ನೋಡಿದ. ಮಾನಪ್ಪನ ರೆಪ್ಪೆ ಬಡಿಯುತ್ತಿರಲಿಲ್ಲ, ತುಟಿ ಅಲುಗುತ್ತಿರಲಿಲ್ಲ. ತಪ್ಪಾತ್ರಿ ಯಪ್ಪಾ, ಯಾರನ್ನರ ಕರೀರಿ ಎಂದು ಒಳಗೆ ಅವನು ಚೀರುತ್ತಿದ್ದ. ಆ ಚೀರಾಟ ನಾಲಿಗೆಯ ತನಕ ಬರಲೇ ಇಲ್ಲ.

“ಮಾನಪ್ಪಾ...” ಐವತ್ತು ವರ್ಷದಲ್ಲಿ ಮೊದಲ ಸಲ ಪೂರ್ತಿ ಹೆಸರು ಬಂತು. “ಕತ್ತಿ ತಗೀಪಾ. ಹಂಗ ನೋಡಬ್ಯಾಡ. ಯಾರು ಹೇಳಿದ್ರು ನಿನಗ?”

ಯಾರೂ ಏನೂ ಹೇಳಿರಲಿಲ್ಲ.

“ನಿನ್ನ ತಮ್ಮ ದುಂಡೇಶನ ಸುದ್ದಿ ಹೌದಲ್ಲ? ಅಂಗಡಿ ಇಟ್ಟು, ಗೌಡ್ರಿಗೂ ಆಳಿಗೂ ಒಂದ ಕುರ್ಚಿ ಅಂದ. ಹೊಡದು ಬುದ್ಧಿ ಹೇಳ್ರಿ ಅಂದಿದ್ದೆ, ಅಷ್ಟ. ಕಾಲುವಿಗೆ ಒಗದವರು ಆಳುಗಳು. ದೇವರಾಣಿ, ಅವಂಗ ಇನ್ನೂ ಜೀವ ಇತ್ತಂತ ನನಗ ಆಮ್ಯಾಲ ಗೊತ್ತಾತು.”

ತಮ್ಮ ಕುಡಿದು ಕಾಲುವೆಗೆ ಬಿದ್ದು ಸತ್ತ ಎಂದು ಹನ್ನೊಂದು ವರ್ಷ ನಂಬಿದ್ದ ಮಾನಪ್ಪ. ಸತ್ತವನನ್ನು ಬೈದೂ ಇದ್ದ. ಅಂಗಳದಲ್ಲಿ ಬೇರೆ ನರಪಿಳ್ಳೆ ಇರಲಿಲ್ಲ. ಗೌಡನ ಗಲ್ಲದ ಮೇಲೆ ಸಾಬೂನಿನ ನೊರೆ ಒಣಗಿ ಬಿರಿಯುತ್ತಿತ್ತು.

ಆಗ ಹೆಬ್ಬೆರಳು ಮಿಸುಕಿತು. ಮಣಿಕಟ್ಟು ಸಡಿಲಾಯಿತು. ಕೈ ಮತ್ತೆ ಅವನ ಮಾತು ಕೇಳತೊಡಗಿತ್ತು. ಏಳು ಎಂದರೆ ಏಳುತ್ತಿತ್ತು.

ಮಾನಪ್ಪ ಏಳು ಎನ್ನಲಿಲ್ಲ.