ಕಾಗೆ ಮುಟ್ಟದ ಪಿಂಡ

ಕಾಗೆ ಬಂತು. ಮಾಳಿಗೆಯ ಮೋಟುಗೋಡೆಯ ಮೇಲೆ ಕೂತು, ಕತ್ತು ಓರೆ ಮಾಡಿ ಪಿಂಡವನ್ನು ನೋಡಿತು. ಶ್ರೀಪ್ರಿಯಾ ಏಳು ತಿಂಗಳ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಉಸಿರು ಬಿಗಿಹಿಡಿದಳು. ತಿನ್ನು, ಒಂದಗುಳಾದರೂ ತಿನ್ನು.

ಪಿಂಡದ ಪಕ್ಕ ನಿಂತಿದ್ದ ಮಾವ ಮಧ್ವರಾಜರ ಕೈ ನಡುಗಿತು. ಬೆಳಗಿನಿಂದ ತರ್ಪಣ ಬಿಟ್ಟ ಕೈ ಅದು, ಎಳ್ಳಿನ ಒಂದು ಕಾಳೂ ಚೆಲ್ಲಿರಲಿಲ್ಲ. ವಯಸ್ಸಾಯಿತಲ್ಲ, ಪಾಪ, ಎಂದುಕೊಂಡಳು. ಹೆಗಲ ಶಲ್ಯ ಜಾರಿ ಗಾಳಿಗೆ ಅಲುಗಿತು. ಕಾಗೆ ಹಾರಿಹೋಯಿತು. ಮೆಟ್ಟಿಲ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅತ್ತೆ ಕೆಳಗೆ ಅಡುಗೆಮನೆಗೆ ಹೋದರು.

"ನಾಲ್ಕು ವರ್ಷ ಆಯ್ತು ರಾಯರೇ," ಎಂದರು ಪುರೋಹಿತ ಜಯರಾಮಾಚಾರ್ಯರು. "ಒಂದ್ಸಲಾನೂ ಮುಟ್ಟಿಲ್ಲ. ಹುಡುಗನಿಗೆ ಏನೋ ಆಸೆ ಉಳಿದಿದೆ."

"ಇದ್ದೀತು," ಎಂದರು ಮಧ್ವರಾಜರು. ಕಾಗೆಯ ಬದಲಿಗೆ ದರ್ಭೆ ಮುಟ್ಟಿಸಿ, ಪಿಂಡವನ್ನು ಹಸುವಿಗೆ ಹಾಕಲು ತಾವೇ ಇಳಿದುಹೋದರು.

ಹುಡುಗ ಎಂದರೆ ಹಿರಿಯ ಮಗ ಸುಶಮೀಂದ್ರ. ಶ್ರೀಪ್ರಿಯಾ ಕಿರಿಯವನಾದ ಕೌಶಿಕನ ಕೈಹಿಡಿದು ತ್ರಿಪ್ಲಿಕೇನಿನ ಈ ಮನೆಗೆ ಬಂದಾಗ ಅವನು ಬರೀ ಪಟವಾಗಿದ್ದ. ಎಡಹುಬ್ಬು ಸೀಳಿದ ಗಾಯದ ಗುರುತಿನ ನಗುಮುಖ. ಎರಡು ಸಾವಿರದ ನಾಲ್ಕರ ಮಾರ್ಗಶಿರ ಹುಣ್ಣಿಮೆ, ಭಾನುವಾರ, ಸಮುದ್ರ ಎದ್ದು ಮರೀನಾದ ಮೇಲೆ ಬಂದ ದಿನ. ಅಲೆ ಅವನನ್ನು ಕೊಂಡೊಯ್ದಿತು, ಹೆಣವೂ ಸಿಗಲಿಲ್ಲ ಎಂಬುದು ಬೀದಿಗೆಲ್ಲ ಗೊತ್ತಿದ್ದ ಮಾತು. ಕೌಶಿಕನನ್ನು ಕೇಳಿದರೆ, "ಅಪ್ಪ ದರ್ಭೆ ಬೊಂಬೆ ಮಾಡ್ಸಿ ಸುಟ್ಟರು. ಅಷ್ಟೇ. ಇನ್ನು ಕೇಳ್ಬೇಡ," ಎನ್ನುತ್ತಿದ್ದ. ಅತ್ತೆ ಅಮ್ಮಣ್ಣಿ ಮಾತ್ರ ಆ ಪಟಕ್ಕೆ ಹೂವಿನ ಹಾರ ಹಾಕಲು ಬಿಡುತ್ತಿರಲಿಲ್ಲ. ಹೂವಿಗೆ ಇರುವೆ ಬರುತ್ತದೆ ಎನ್ನುತ್ತಿದ್ದರು.

ಹೋದ ವರ್ಷ ಶ್ರೀಪ್ರಿಯಾಳ ಮೊದಲ ಬಸಿರು ನಿಲ್ಲಲಿಲ್ಲ. ಆಗ ಕೆಳಮನೆಯ ಕಲಾವತಿ ಕಿವಿಯಲ್ಲಿ ಊದಿದ್ದಳು. "ಹಸಿದ ಜೀವ ಮನೇಲಿದ್ರೆ ತೊಟ್ಟಿಲು ತೂಗಲ್ಲ ಮಾ." ಮೊನ್ನೆ ಇನ್ನೊಂದನ್ನೂ ಊದಿದಳು. "ನಿಮ್ಮತ್ತೇನ ಅಂಬತ್ತೂರಲ್ಲಿ ನೋಡ್ದೆ. ಏಸು ಜೆಬಕೂಡಂ, ಅದೇ ಪ್ರಾರ್ಥನೆ ಮನೆ, ಅದರ ಬಾಗ್ಲಲ್ಲಿ. ಮಡಿಸೀರೆ ಉಟ್ಕೊಂಡು! ಜಾಗ್ರತೆ."

ಬ್ರಾಹ್ಮಣರು ಉಂಡು ಎದ್ದರು. ಶ್ರೀಪ್ರಿಯಾ ಅಡುಗೆಮನೆಗೆ ಇಣುಕಿದಳು. ಅತ್ತೆ ಕ್ಯಾರಿಯರಿಗೆ ಅನ್ನ, ವಡೆ, ಪಾಯಸ ತುಂಬುತ್ತಿದ್ದರು. ಬ್ರಾಹ್ಮಣರು ಉಂಡ ಮೇಲೆ ಉಳಿದ ಶ್ರಾದ್ಧದ ಅಡುಗೆ ಮನೆಯವರಲ್ಲದವರ ಬಾಯಿಗೆ ಹೋಗಬಾರದು. ಮಾವ ಆ ಕಡೆಯೇ ಹಾದುಹೋದರು, ನೋಡಿಯೂ ನೋಡದವರಂತೆ ಪಂಚಾಂಗ ತಿರುವುತ್ತ ಕೂತರು. ಅತ್ತೆ ಹಿತ್ತಲ ಬಾಗಿಲಿನಿಂದ ಹೊರಬಿದ್ದರು.

ಸೊಸೆ ಹಿಂದೆಯೇ ಹೊರಟಳು. ಸೆಂಟ್ರಲಿನಿಂದ ಲೋಕಲ್ ಟ್ರೇನು. ಅತ್ತೆ ಮುಂದಿನ ಡಬ್ಬಿಯಲ್ಲಿ, ಇವಳು ಹಿಂದಿನದರಲ್ಲಿ. ಹೊಟ್ಟೆಯೊಳಗೆ ಮಗು ಒದೆಯುತ್ತಿತ್ತು. ಸತ್ತವನ ಅನ್ನ ಶಿಲುಬೆಯ ಬಾಗಿಲಿಗೆ ಹೋದರೆ ಅವನಿಗೆ ತೃಪ್ತಿ ಎಲ್ಲಿಂದ ಬರಬೇಕು? ಈ ಮಗುವೂ ಉಳಿಯದಿದ್ದರೆ?

ಅಂಬತ್ತೂರಿನಲ್ಲಿ ಲೇತ್ ಶೆಡ್ಡುಗಳ ಹಿಂದೆ ಒಂದು ತಗಡಿನ ಮಾಡು. ಒಳಗೆ ಚಾಪೆಯ ಮೇಲೆ ಪಾಳಿ ಮುಗಿಸಿದ ಹತ್ತೆಂಟು ಕೂಲಿಗಳು. ಬಾಗಿಲಿಗೆ ಬೆನ್ನು ಮಾಡಿ ಕೂತ ಒಬ್ಬಾತ ತಮಿಳಿನಲ್ಲಿ ಮೆಲ್ಲಗೆ ಹೇಳುತ್ತಿದ್ದ: ನೀರಿನಲ್ಲಿ ಮುಳುಗಿದಾಗ ಹಳೆಯ ಮನುಷ್ಯ ಸತ್ತ, ಮೇಲೆದ್ದವನು ಹೊಸಬ, ಅವನನ್ನು ಏಸು ಕೈಬಿಡುವುದಿಲ್ಲ.

ಅಮ್ಮಣ್ಣಿ ಒಳಗೆ ಹೋಗಲಿಲ್ಲ. ಚಪ್ಪಲಿಗಳ ನಡುವೆ, ಹೊರಗಿನ ಮೆಟ್ಟಿಲ ಮೇಲೆ, ಕ್ಯಾರಿಯರನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಭಕ್ತಿ ಇದ್ದ ಮುಖವಲ್ಲ. ಆಸ್ಪತ್ರೆಯ ಪಡಸಾಲೆಯಲ್ಲಿ ಕಾಯುವವರ ಮುಖ.

ಶ್ರೀಪ್ರಿಯಾಳಿಗೆ ತಡೆಯಲಾಗಲಿಲ್ಲ. "ಅತ್ತೆ! ನೀವೂ ಸೇರ್ಬಿಟ್ರಾ? ನನ್ನ ಮಗು ಮೇಲೆ ಕರುಣೆ ಇಲ್ವಾ ನಿಮ್ಗೆ?"

ಅಮ್ಮಣ್ಣಿ ಬೆಚ್ಚಲಿಲ್ಲ. ಪಕ್ಕದ ಚಪ್ಪಲಿ ಸರಿಸಿ ಜಾಗ ಮಾಡಿದರು. "ಕೂತ್ಕೋ ತಾಯಿ. ಬಸುರಿ, ಬಿಸಿಲಲ್ಲಿ ಬಂದಿದೀಯ. ನನ್ನನ್ನ ಯಾವ ದೇವರು ಸೇರಿಸ್ಕೋಬೇಕು ಈಗ?"

ಪ್ರಾರ್ಥನೆ ಮುಗಿಯಿತು. ಕೂಲಿಗಳು ಚದುರಿದರು. ಹೇಳುತ್ತಿದ್ದಾತ ಹೊರಗೆ ಬಂದು, ನಲ್ಲಿಯಲ್ಲಿ ಕೈತೊಳೆದು, ರೂಢಿಯಾದವನಂತೆ ಕ್ಯಾರಿಯರಿನ ಕೊಂಡಿ ಬಿಚ್ಚಿದ. ತಲೆ ಎತ್ತಿದ. ಎಡಹುಬ್ಬು ಸೀಳಿತ್ತು.

ಮನೆಯ ಪಟದಲ್ಲಿದ್ದ ಅದೇ ಮುಖ.

"ಆವತ್ತು ಮರೀನಾದಲ್ಲಿ ಹೆಣ ಮಗುಚಿ ಮಗುಚಿ ನೋಡಿದೋಳು ನಾನು," ಎಂದರು ಅಮ್ಮಣ್ಣಿ, ಪಾಯಸದ ಮುಚ್ಚಳ ತೆಗೆಯುತ್ತ. "ಮನೆಗೆ ಬಂದ್ರೆ ಬಾಗಿಲಲ್ಲಿ ಇವ್ನು ನಿಂತಿದಾನೆ, ಮೈಯೆಲ್ಲ ಮರಳು. 'ಅಪ್ಪಾ, ಹೋದ ವಾರ ದೀಕ್ಷಾಸ್ನಾನ ತೊಗೊಂಡೆ, ಏಸುವೇ ನನ್ನ ಉಳಿಸಿದ್ದು' ಅಂತಾನೆ. ನಿಮ್ಮ ಮಾವ ಇವನ ಮುಖ ನೋಡಿದ್ರು. 'ನನ್ನ ಮಗನ್ನ ಅಲೆ ತೊಗೊಂಡೋಯ್ತು' ಅಂದ್ರು. ಬಾಗಿಲು ಹಾಕ್ಕೊಂಡ್ರು. ಹತ್ತನೇ ದಿನ ತಲೆ ಬೋಳಿಸ್ಕೊಂಡ್ರು."

ಸುಶಮೀಂದ್ರ ವಡೆ ಮುರಿದ. ಬಾಯಿಗಿಡಲಿಲ್ಲ.

"ನಾನು ಸತ್ತೆ ಅಂತ ಅಪ್ಪಾನೂ ಹೇಳ್ತಾರೆ, ನಮ್ಮ ಪಾಸ್ಟರೂ ಹೇಳ್ತಾರೆ," ಎಂದು ನಕ್ಕ. ಕಣ್ಣು ನಗಲಿಲ್ಲ. "ನೀನೊಬ್ಳೇ ಒಪ್ಪಲ್ಲ ನೋಡು. ಈ ಸಲವಾದ್ರೂ ಕಾಗೆ ಬಂತೇನಮ್ಮಾ? ಮುಟ್ಟಿದ್ರೆ ಅಪ್ಪಂಗೂ ನಿರಾಳ ಆಗ್ತಿತ್ತು."

"ಬಂದಿತ್ತು ಕಣೋ," ಎಂದರು ಅಮ್ಮಣ್ಣಿ. "ನಿಮ್ಮಪ್ಪ ಶಲ್ಯ ಬೀಸಿ ಓಡಿಸಿಬಿಟ್ರು, ಪ್ರತಿ ವರ್ಷದ ಹಾಗೇ."