ಊತ ಇಳಿಯದ ಮಾತ್ರೆ

"ನೋವು ಹೋಗಬೇಕು. ಊತ ಮಾತ್ರ ಇಳೀಬಾರದು," ಎಂದ ಗಡಿಯಾರ ರಿಪೇರಿಯವನು, ಅಂಗಡಿಯಲ್ಲಿ ಬೇರೆ ಗಿರಾಕಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು.

ಔಷಧಿ ಅಂಗಡಿ ಅವನ ಹೆಂಡತಿಯ ತಮ್ಮನದು. ಭಾವಮೈದ ಆ ಎಡಗೆನ್ನೆಯನ್ನು ದಿಟ್ಟಿಸಿದ. ಅದು ಒಲೆಯಿಂದ ಆಗತಾನೆ ಇಳಿದ ಬನ್ನಿನಂತೆ ಉಬ್ಬಿತ್ತು. ಯಾರೋ ಬಾರಿಸಿದ್ದಾರೆ, ಪೊಲೀಸರಿಗೆ ತೋರಿಸಲು ಊತವನ್ನು ಕಾಪಾಡಿಕೊಳ್ಳುತ್ತಿದ್ದಾನೆ ಎಂಬ ಗುಮಾನಿ ಬಂದಿರಬೇಕು. "ಅಕ್ಕ ಏನಾದ್ರೂ..." ಎಂದು ಮೆಲ್ಲಗೆ ರಾಗ ಎಳೆದ.

"ಹಲ್ಲು ಕಣಯ್ಯ. ದವಡೆ ಹಲ್ಲು."

ವಿಷಯ ಹೀಗಿತ್ತು. ಬೀದಿಯವರ ನಾಟಕದ ತಂಡದಲ್ಲಿ ಅವನು ಬಹಳ ವರ್ಷಗಳಿಂದ ದ್ವಾರಪಾಲಕ. ಈಟಿ ಹಿಡಿದು ನಿಲ್ಲುವುದು, "ಅಪ್ಪಣೆ, ಪ್ರಭು" ಎನ್ನುವುದು, ಒಳಗೆ ಹೋಗುವುದು. ಮೊನ್ನೆ ನಾಟಕ ಆಡಿಸುವ ಮೇಷ್ಟ್ರು ಗಡಿಯಾರಕ್ಕೆ ಪಟ್ಟಿ ಹಾಕಿಸಲು ಬಂದಿದ್ದರು. ಗಡಿಯಾರದವನು ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ಒಂದು ಕೈಯಲ್ಲಿ ಕೆನ್ನೆ ಹಿಡಿದುಕೊಂಡು ಕೂತಿದ್ದ. ತಲೆಯೆತ್ತಿದಾಗ ಮೇಷ್ಟ್ರು ಬಂದ ಕೆಲಸವನ್ನೇ ಮರೆತು ಅವನ ಮುಖ ನೋಡುತ್ತಾ ನಿಂತುಬಿಟ್ಟರು. ಈ ಮುಖವನ್ನು ಇಷ್ಟು ವರ್ಷ ಎಲ್ಲಿ ಬಚ್ಚಿಟ್ಟಿದ್ದೆ ಎಂದು ಬೈದು, ಅಲ್ಲೇ ರಾಜನ ಪಾತ್ರ ಕೊಟ್ಟರು. ಯುದ್ಧದಲ್ಲಿ ರಾಜ್ಯವನ್ನೂ ಮಗನನ್ನೂ ಕಳೆದುಕೊಂಡು ಬೀದಿಗೆ ಬೀಳುವ ರಾಜ.

ಕಾರಣ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವನು ಕಂಡ ಚಿತ್ರಗಳಲ್ಲೆಲ್ಲ ರಾಜರ ಕೆನ್ನೆ ತುಂಬಿಕೊಂಡೇ ಇರುತ್ತಿತ್ತು. ಅವನದೋ ಹುಟ್ಟಿನಿಂದ ತಗ್ಗುಬಿದ್ದ ಕೆನ್ನೆ. ಈಗ ಎಡಗಡೆಯಾದರೂ ರಾಜಕಳೆ ಬಂದಿದೆ. ಪ್ರೇಕ್ಷಕರಿಗೆ ಆ ಕಡೆಯನ್ನೇ ತೋರಿಸಿಕೊಂಡು ನಿಂತರಾಯಿತು.

ಭಾವಮೈದ ನಗು ನುಂಗಿಕೊಂಡ. "ನೋಡಿ ಭಾವ, ಐಬುಪ್ರೊಫೇನ್ ಅಂತ ಇದೆ. ನೋವು, ಜ್ವರ, ಊತ, ಮೂರನ್ನೂ ಇಳಿಸುತ್ತೆ. ಆದ್ರೆ ಹೊಟ್ಟೆಗೆ ಏನಾದ್ರೂ ಹಾಕ್ಕೊಂಡೇ ನುಂಗಬೇಕು, ಇಲ್ಲದಿದ್ರೆ ಹೊಟ್ಟೆ ಉರಿಯುತ್ತೆ. ಪ್ಯಾರಾಸಿಟಮಾಲ್‌ಗೆ ಆ ರಗಳೆ ಇಲ್ಲ. ನೋವು, ಜ್ವರ ನೋಡ್ಕೊಳ್ಳುತ್ತೆ, ಊತದ ತಂಟೆಗೆ ಹೋಗಲ್ಲ. ಯಾವುದು ತಗೊಂಡ್ರೂ ಹಲ್ಲು ಒಳಗೊಳಗೇ ಹಾಳಾಗ್ತಾನೇ ಇರುತ್ತೆ. ಸುಮ್ಮನೆ ಡಾಕ್ಟರ ಹತ್ರ ಹೋಗಿ."

"ಎರಡನೇದು ಕೊಡು. ಹಲ್ಲಿನ ಕಥೆ ನಾಟಕ ಮುಗಿದ ಮೇಲೆ."

ಮನೆಯಲ್ಲಿ ಹೆಂಡತಿ ಮಾತ್ರೆಗಳನ್ನು ತನ್ನ ವಶಕ್ಕೆ ತೆಗೆದುಕೊಂಡಳು. ನಿಮ್ಮ ಕೈಗೆ ಕೊಟ್ಟರೆ ಅವು ಸ್ಕ್ರೂಗಳ ಜೊತೆ ಸೇರಿ ಯಾರದೋ ಗಡಿಯಾರದೊಳಗೆ ಹೋಗುತ್ತವೆ ಎಂದಳು. ಹೊತ್ತುಹೊತ್ತಿಗೆ ತಾನೇ ಒಂದೊಂದು ಬಿಡಿಸಿ ಅಂಗೈಗೆ ಹಾಕುತ್ತಿದ್ದಳು. ಆದರೆ ಅವನು ತಟ್ಟೆ ಖಾಲಿ ಮಾಡುವ ತನಕ ಮುಷ್ಟಿ ಬಿಚ್ಚುತ್ತಿರಲಿಲ್ಲ. ಈ ಮಾತ್ರೆಗೆ ಊಟದ ಹಂಗಿಲ್ಲ ಎಂದು ಅವನು ತಿಳಿಸಿ ಹೇಳಿದರೂ ಕೇಳಲಿಲ್ಲ. ಗಂಡ ಎಂದರೆ ಎಷ್ಟು ಅಕ್ಕರೆ ಎಂದು ಅವನಿಗೆ ಒಳಗೊಳಗೇ ಹೆಮ್ಮೆ.

ನೋವು ಹೇಳಹೆಸರಿಲ್ಲದೆ ಹೋಯಿತು. ಬಾಯಿ ಸಲೀಸಾಗಿ ತೆರೆಯಿತು. ತಾಲೀಮಿನಲ್ಲಿ ಸತ್ತ ಮಗನ ಮುಂದೆ ಕೂತು, ಸೂರು ಹಾರಿಹೋಗುವ ಹಾಗೆ ಗೋಳಾಡಿದ. ತಂಡದವರು ಚಪ್ಪಾಳೆ ತಟ್ಟಿದರು. ಮೇಷ್ಟ್ರ ಮುಖ ಮಾತ್ರ ಬಾಡಿತು.

"ಮೊದಲ ದಿನ ನಿನ್ನ ಮುಖದಲ್ಲಿ ಇದ್ದದ್ದು ಇವತ್ತು ಅರ್ಧಕ್ಕರ್ಧ ಇಳಿದುಹೋಗಿದೆಯಲ್ಲಯ್ಯ."

ಅವನು ಮನೆಗೆ ಓಡಿಬಂದು ಕನ್ನಡಿಯ ಮುಂದೆ ನಿಂತ. ಬನ್ನು ಬಿಸ್ಕತ್ತಾಗತೊಡಗಿತ್ತು. ಹೆಂಡತಿಯನ್ನು ಕೇಳಿದರೆ, "ಹಾಗೇ ಇದೆ ಬಿಡಿ, ಕನ್ನಡಿ ಹಳೇದು," ಎಂದಳು.

ಅಂದಿನಿಂದ ಅವನು ಎಡಗೆನ್ನೆಯ ಮೇಲೇ ಮಲಗಿದ. ರಕ್ತ ಮುಖಕ್ಕೆ ಇಳಿಯಲೆಂದು ಮಂಚದಿಂದ ತಲೆ ಕೆಳಗೆ ಜೋತುಬಿಟ್ಟು ಮಾತುಗಳನ್ನು ಉರುಹೊಡೆದ. ಅಂಗಡಿಯಲ್ಲಿ ಬಿಡುವಾದಾಗಲೆಲ್ಲ ಕೆನ್ನೆಗೆ ತಾನೇ ಪಟಪಟ ಹೊಡೆದುಕೊಂಡ. ಏನೋ ಹಳೆಯ ಪಾಪ ಕಾಡುತ್ತಿದೆ ಎಂದು ಎದುರಂಗಡಿಯವರು ಮರುಗಿದರು. ಊಹೂಂ. ಮೇಷ್ಟ್ರು ದಿನದಿನಕ್ಕೆ ಹೆಚ್ಚು ನಿಟ್ಟುಸಿರು ಬಿಟ್ಟರು. ಒಮ್ಮೆಯಂತೂ ಈಟಿ ಹಿಡಿದ ಹೊಸ ದ್ವಾರಪಾಲಕನ ಮುಖವನ್ನು ಬಹಳ ಹೊತ್ತು ನೋಡಿದರು.

ನಾಟಕದ ದಿನ ಎಡಗೆನ್ನೆಗೂ ಬಲಗೆನ್ನೆಗೂ ಯಾವ ವ್ಯತ್ಯಾಸವೂ ಉಳಿದಿರಲಿಲ್ಲ. ಅವನು ತಲೆಯ ಮೇಲೆ ಕೈ ಹೊತ್ತು ಕೂತಾಗ ಹೆಂಡತಿ ಒಪ್ಪಿಕೊಂಡಳು. ಮೊದಲ ದಿನದಿಂದಲೂ ಕೊಟ್ಟದ್ದು ಊತ ಇಳಿಸುವ ಮಾತ್ರೆಯೇ. ತಮ್ಮನನ್ನು ಕೇಳಿಯೇ ಬದಲಿಸಿದ್ದಂತೆ.

"ನೀವು ಊರಿಗೆ ರಾಜ ಆಗೋದು ಇವತ್ತೊಂದು ದಿನ. ನನಗೆ ದಿನಾ ಗಂಡ. ಮುಖ ಊದಿಸ್ಕೊಂಡು ನರಳ್ತಾ ಇದ್ರೆ ನೋಡ್ತಾ ಕೂರ್ಲಾ?"

ಸಿಟ್ಟು ಬಂತು. ಆದರೆ ನೋವಿಲ್ಲದ ಬಾಯಲ್ಲಿ ಸಿಟ್ಟು ಹೆಚ್ಚು ಹೊತ್ತು ನಿಲ್ಲಲಿಲ್ಲ. ಊಟ ಮಾಡಿ, ದವಡೆಗೆ ಹತ್ತಿ ತುರುಕಿಕೊಂಡು, ಹೆಂಡತಿಯೊಡನೆ ಬಣ್ಣದ ಕೋಣೆಗೆ ಹೋದ.

ಮೇಷ್ಟ್ರು ಪೆಟ್ಟಿಗೆಯಿಂದ ರಾಜನ ಗಡ್ಡ ತೆಗೆದರು. ಈ ಕಿವಿಯಿಂದ ಆ ಕಿವಿಗೆ, ಅಲ್ಲಿಂದ ಎದೆಯವರೆಗೆ. ಕಟ್ಟಿದ ಮೇಲೆ ಮೂಗು, ಕಣ್ಣು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಗಡಿಯಾರದವನಿಗೆ ತಲೆಬುಡ ತಿಳಿಯಲಿಲ್ಲ. ಗಡ್ಡದೊಳಗೆ ಬೆರಳು ತೂರಿಸಿ ಹತ್ತಿಯನ್ನು ಹೊರಕ್ಕೆಳೆದ. ಊತ, ಮಾತ್ರೆ, ಮನೆಯೊಳಗಿನ ದ್ರೋಹ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒದರಿದ.

"ಕೆನ್ನೆ ಇಲ್ಲದ ರಾಜ ಬೇಡ ಅಂದ್ರೆ ಹೇಳಿ ಮೇಷ್ಟ್ರೇ. ಈಟಿ ಕೊಡಿ, ಬಾಗಿಲಲ್ಲಿ ನಿಂತ್ಕೋತೀನಿ."

ಮೇಷ್ಟ್ರು ಅವನನ್ನು ಬಿಟ್ಟು ಹೆಂಡತಿಯ ಕಡೆ ತಿರುಗಿದರು. "ಇವತ್ತಿನ ಮಾತ್ರೆ ಕೊಟ್ಟಾಯ್ತೇನಮ್ಮ?"

"ಈಗತಾನೇ, ಊಟ ಆದ ಮೇಲೆ."

ಮೇಷ್ಟ್ರು ಪೆಟ್ಟಿಗೆಯ ಮೇಲೆ ಕುಸಿದು ಕೂತರು.

"ಊತ ಯಾರಿಗೆ ಬೇಕಿತ್ತು ಮಹಾರಾಯ? ನಾನು ಪಾತ್ರ ಕೊಟ್ಟದ್ದು ನಿನ್ನ ನೋವಿಗೆ."